ಪವರ್ ಹೌಸಿನ ಏಳೂವರೆ ಇಂಚು

ದಫನವಾಗಿ ಒಂಬತ್ತು ದಿನ ಮನೆ ತುಂಬ ಜನ ಇದ್ದರು. ಹತ್ತನೆಯ ದಿನ ಬೆಳಿಗ್ಗೆ ನಾನು ಮತ್ತು ಅತ್ತೆ ಸಾಲಿಹಾ ಇಬ್ಬರೇ. ಗ್ಯಾಸಿನವನು ಗೇಟಿನಲ್ಲಿ ನಿಂತು ಕೋಡ್ ಕೇಳಿದ. ಅದು ತೀರಿಹೋದ ನನ್ನ ಗಂಡ ನವಾಝ್‌ನ ಫೋನಿಗೆ ಬರುವುದು. ನಾನು ಕಪಾಟಿನಿಂದ ಫೋನು ತೆಗೆದು ಚಾರ್ಜಿಗಿಟ್ಟೆ. ಅದು ಎಚ್ಚರಗೊಳ್ಳುವವರೆಗೆ ಕಾದು, ನಾಲ್ಕು ಅಂಕಿಗಳನ್ನು ಓದಿ ಹೇಳಿದೆ. ಅತ್ತೆ ಕಿಟಕಿಯಿಂದ ಅವನ್ನು ಗ್ಯಾಸಿನವನಿಗೆ ಕೂಗಿ ಹೇಳಿದರು. ಗಂಡನನ್ನು ಕಳೆದುಕೊಂಡವಳು ಪಾಲಿಸುವ ಇದ್ದತ್‌ನ ನಾಲ್ಕು ತಿಂಗಳು ಹತ್ತು ದಿನ ನಾನು ಮನೆಯಿಂದ ಹೊರಗೆ ಕಾಲಿಡುವಂತಿರಲಿಲ್ಲ, ಹೊರಗಿನ ಗಂಡಸರ ಎದುರು ಬರುವಂತಿರಲಿಲ್ಲ.

ಫೋನನ್ನು ಮತ್ತೆ ಕಪಾಟಿಗೆ ಎತ್ತಿಡುವಷ್ಟರಲ್ಲಿ ಇನ್ನೊಂದು ಸಂದೇಶ ಬಂತು. ಅವನ ಆಫೀಸಿನವರ ವಾಟ್ಸ್ಯಾಪ್ ಗುಂಪಿನದು. ಅವನ ನಂಬರನ್ನು ತೆಗೆಯಲು ಯಾರಿಗೂ ನೆನಪಾಗಿರಲಿಲ್ಲ.

“ಪವರ್ ಹೌಸ್ ಫೈಲು: ನವಾಝ್ ಅವರ ಅಳತೆಯಲ್ಲಿ ದೋಷವಿರುವುದರಿಂದ ಅವರ ವರದಿಯನ್ನು ಕೈಬಿಡುವುದು. ಸಲಹಾ ಸಂಸ್ಥೆಯ ವರದಿಯನ್ನು ಮಾತ್ರ ಸಮಿತಿಯ ಮುಂದೆ ಇಡುವುದು.”

ಕೆಳಗೆ ಮೂರು ಹೆಬ್ಬೆರಳುಗಳು. ಒಂದು ಶಿಶಿರ್‌ನದು. ಶಿಶಿರ್ ನವಾಝ್‌ನ ಪಕ್ಕದ ಮೇಜಿನ ಎಂಜಿನಿಯರು. ಹತ್ತು ದಿನದ ಹಿಂದೆ ಅವನನ್ನು ಆಫೀಸಿನ ಮೆಟ್ಟಿಲಿನಿಂದ ಎತ್ತಿ ಕಾರಿನಲ್ಲಿ ಮಲಗಿಸಿದವನು. ಆಸ್ಪತ್ರೆ ತಲುಪುವ ಮೊದಲೇ ಎದೆಬಡಿತ ನಿಂತಿತ್ತು. ನವಾಝ್‌ಗೆ ಮೂವತ್ತಾರು.

ನಾನು ಆ ಸಂದೇಶವನ್ನು ಎರಡು ಸಲ ಓದಿದೆ. ಅಷ್ಟು ದಿನಗಳಲ್ಲಿ ನನಗೆ ಪೂರ್ತಿಯಾಗಿ ಅರ್ಥವಾದ ಮೊದಲ ಮಾತು ಅದು.

ಪವರ್ ಹೌಸ್ ಇರುವುದು ಬಂಟ್ವಾಳ ಪೇಟೆಯಿಂದ ನದಿಗೆ ಇಳಿಯುವ ದಾರಿಯ ಕೊನೆಯಲ್ಲಿ. ಸಾವಿರದ ಒಂಬೈನೂರ ಮೂವತ್ತಾರರಲ್ಲಿ ಪೇಟೆಯ ವ್ಯಾಪಾರಿಗಳು, ಬ್ಯಾರಿಗಳು, ಕೊಂಕಣಿಗರು, ಬಂಟರು ಕೂಡಿ ಒಂದು ಕಂಪೆನಿ ಮಾಡಿ ಅದನ್ನು ಕಟ್ಟಿಸಿದರು. ಎರಡು ಡೀಸೆಲ್ ಎಂಜಿನ್‌ಗಳು ಮಂಗಳೂರು ಬಂದರಿನ ಧಕ್ಕೆಯಿಂದ ನೇತ್ರಾವತಿಯಲ್ಲಿ ಬಂದವು. ಹೊಳೆ ತುಂಬುವ ತಿಂಗಳು ನೋಡಿ, ಜೋಡಿ ದೋಣಿಗಳ ಮೇಲೆ ಹಲಗೆ ಹಾಸಿ ತಂದರಂತೆ. ಮೂವತ್ತು ವರ್ಷ ಅವು ಪೇಟೆಗೆ ಬೆಳಕು ಕೊಟ್ಟವು. ದೊಡ್ಡ ಕರೆಂಟ್ ಲೈನು ಬಂದ ಮೇಲೆ ಎಂಜಿನ್ ನಿಂತಿತು. ಆಮೇಲೆ ಅದು ಹಳೆಯ ಮೀಟರುಗಳ, ತಂತಿ ಸುರುಳಿಗಳ ಗೋದಾಮಾಯಿತು.

ಅತ್ತೆಯ ತಂದೆ ಅಲ್ಲಿ ಎಂಜಿನಿಗೆ ಎಣ್ಣೆ ಹಾಕುವ ಕೆಲಸದಲ್ಲಿದ್ದರು. ಅತ್ತೆಯ ಮಾತು ಕೇಳಿದರೆ ಇಡೀ ಕಂಪೆನಿ ಅವರದೇ ಅನ್ನಬೇಕು. ಸಂಜೆ ಆರಕ್ಕೆ ಎಂಜಿನಿನ ಸದ್ದು ಕೇಳಿಸಿದರೆ ಪೇಟೆಯವರು ಗಡಿಯಾರ ಸರಿಮಾಡುತ್ತಿದ್ದರು, ಇನ್ನೊಬ್ಬರು ಬೀಡಿ ಹಚ್ಚುವಷ್ಟು ಸುಲಭವಾಗಿ ತಮ್ಮ ಉಪ್ಪ ಊರಿಗೆ ದೀಪ ಹಚ್ಚುತ್ತಿದ್ದರು ಎಂದು ಅವರು ಹೇಳುತ್ತಾರೆ.

ನಾನು ಕೊಣಾಜೆಯಲ್ಲಿ ಇತಿಹಾಸ ಎಂ.ಎ. ಮಾಡಿದವಳು. ದೇವಾಲಯ, ಬಸದಿ, ಕೋಟೆ ಎಲ್ಲ ಓದಿದ್ದೆ. ಕಾರ್ಖಾನೆಯೂ ಕಟ್ಟಡವೇ ಎಂದು ಕಲಿಸಿದ್ದು ಡಿಪ್ಲೊಮಾ ಓದಿದ ನವಾಝ್. ಒಂದು ಭಾನುವಾರ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದ. ಮುರಕಲ್ಲಿನ ಗೋಡೆ, ಎರಡಡಿಗೂ ದಪ್ಪ. ಉದ್ದದ ಎರಡೂ ಬದಿಗೆ ಆರಾರು ಕಮಾನಿನ ಕಿಟಕಿಗಳು, ಒಂದೊಂದೂ ಎರಡಾಳು ಎತ್ತರ. ಹೆಂಚಿನ ಮಾಡಿನ ನೆತ್ತಿಯ ಮೇಲೆ ಇನ್ನೊಂದು ಚಿಕ್ಕ ಮಾಡು. ಎಂಜಿನಿನ ಬಿಸಿ ಅದರಡಿಯಿಂದ ಹೊರಗೆ ಹೋಗಬೇಕು. ಮಾಡನ್ನು ಹೊರಲು ಕಬ್ಬಿಣದ ತೊಲೆ ಎಂದು ನಕ್ಷೆಯಲ್ಲಿದೆ. ಕಬ್ಬಿಣ ಸಮಯಕ್ಕೆ ಬರಲಿಲ್ಲ, ಬೋಗಿ ಎಂಬ ಗಟ್ಟಿ ಮರದ್ದನ್ನೇ ಏರಿಸಿದರು. ಒಂದು ತೊಲೆಯೂ ಬಾಗಿಲ್ಲ.

ಅವನಿಗೆ ಎಲ್ಲಕ್ಕಿಂತ ಮೆಚ್ಚುಗೆ ನೆಲದ ಮೇಲೆ. ಎಂಜಿನ್ ಕೂರುವ ಕಲ್ಲಿನ ಕಟ್ಟೆ ಗೋಡೆಗೆಲ್ಲೂ ತಾಗಿರಲಿಲ್ಲ. ಸುತ್ತ ಒಂದು ಗೇಣು ಸಂದು ಬಿಟ್ಟು ಹೊಳೆಯ ಮರಳು ತುಂಬಿದ್ದರು. ಎಂಜಿನಿನ ನಡುಕ ಮರಳಿನಲ್ಲೇ ಇಂಗುತ್ತದೆ, ಗೋಡೆಗೆ ಹೋಗುವುದಿಲ್ಲ. “ಮೂವತ್ತು ವರ್ಷ ನಡುಗಿದೆ. ಕೂದಲೆಳೆಯಷ್ಟು ಬಿರುಕು ಎಲ್ಲಿ ಉಂಟು ತೋರಿಸು ನೋಡುವ,” ಎಂದಿದ್ದ. ನಾನು ನಿಜವಾಗಿಯೂ ಹುಡುಕಿದ್ದೆ. ಸಿಕ್ಕಿರಲಿಲ್ಲ.

ಅವನ ವರದಿಯಲ್ಲಿ ಇದ್ದದ್ದು ಇಷ್ಟೇ: ಕಟ್ಟಡ ಗಟ್ಟಿಯಾಗಿದೆ, ಕೆಡವಬಾರದು.

ನಾನು ಅವನ ಫೋನಿನಿಂದಲೇ ಶಿಶಿರ್‌ಗೆ ಕರೆ ಮಾಡಿದೆ. ಪರದೆಯ ಮೇಲೆ ನವಾಝ್‌ನ ಹೆಸರು ಕಂಡು ಅವನಿಗೆ ಏನಾಗಿರಬಹುದೆಂದು ಆಗ ಯೋಚಿಸಲಿಲ್ಲ. ಮಧ್ಯಾಹ್ನವೇ ಬಂದ. ಅವನು ಜಗಲಿಯಲ್ಲಿ ಕುಳಿತ, ನಾನು ಬಾಗಿಲಿನ ಒಳಗೆ. ಅತ್ತೆ ನಡುವೆ ಕುರ್ಚಿ ಹಾಕಿಕೊಂಡರು.

“ಫಾಹಿಮಕ್ಕ, ಗುಂಪಿನಲ್ಲಿ ಅವನ ನಂಬರ್ ಉಂಟು ಅಂತ ಗೊತ್ತಿರಲಿಲ್ಲ.”

“ನೀವೂ ಹೆಬ್ಬೆರಳು ಒತ್ತಿದ್ದೀರಿ.”

ಅವನು ತನ್ನ ಹೆಬ್ಬೆರಳು ನೋಡಿಕೊಂಡ. “ಸಾಹೇಬರು ಎಂತ ಹಾಕಿದ್ರೂ ಒತ್ತುವುದು ಅಭ್ಯಾಸ ಆಗಿದೆ.”

“ಬೆರಳಿಗೆ ಸ್ವಲ್ಪ ರಜೆ ಕೊಡು ಮಾರಾಯ,” ಎಂದರು ಅತ್ತೆ. ಹಾಗೆಂದವರೇ ಎದ್ದು ಅವನಿಗೆ ಚಹಾ ತಂದರು.

ಅವನು ವಿಷಯ ಬಿಡಿಸಿ ಹೇಳಿದ. ಕಂಪೆನಿಯ ಕಾಲದ ಮೂಲ ನಕ್ಷೆ ಆಫೀಸಿನಲ್ಲಿದೆ. ಮದ್ರಾಸಿನಿಂದ ಬಂದ ಎಂಜಿನಿಯರು ಬರೆದದ್ದು. ಅದರಲ್ಲಿ ಎಂಜಿನ್ ಕೋಣೆಯ ಉದ್ದ ಅರವತ್ತು ಅಡಿ. ನವಾಝ್ ಬರೆದದ್ದು ಐವತ್ತೊಂಬತ್ತು ಅಡಿ ನಾಲ್ಕೂವರೆ ಇಂಚು. ಏಳೂವರೆ ಇಂಚು ಕಮ್ಮಿ. ಅಗಲದಲ್ಲೂ ನಾಲ್ಕೂವರೆ ಇಂಚು ಕಮ್ಮಿ. ಅಳೆಯಲಿಕ್ಕೇ ಬಾರದವನು ಗಟ್ಟಿ ಉಂಟು ಅಂದರೆ ಹೇಗೆ ನಂಬುವುದು ಎಂದು ಸಾಹೇಬರು ಕೇಳಿದರಂತೆ. ಅವನ ಟೇಪು ಮಳೆಗೆ ಹಿಗ್ಗಿತ್ತೋ ಏನೋ ಎಂದು ಯಾರೋ ನಕ್ಕರಂತೆ. ಸಲಹಾ ಸಂಸ್ಥೆಯವರು ಟೇಪು ಹಿಡಿಯಲೇ ಇಲ್ಲ. ಒಂದು ಸುತ್ತು ಬಂದು, ಕಟ್ಟಡದ ಆಯುಷ್ಯ ಮುಗಿದಿದೆ ಎಂದು ಬರೆದಿದ್ದರು. ಕೆಡವಬೇಕೋ ಉಳಿಸಬೇಕೋ ಎಂದು ತೀರ್ಮಾನಿಸುವ ಸಮಿತಿ ಸೇರುವುದಕ್ಕೆ ಎರಡು ತಿಂಗಳಿತ್ತು. ಅದಕ್ಕೆ ಒಂದು ವಾರ ಮೊದಲಿನವರೆಗೆ ಯಾರು ಬೇಕಾದರೂ ಲಿಖಿತ ಅಭಿಪ್ರಾಯ ಕೊಡಬಹುದು.

“ನಾನು ಬರೆಯುತ್ತೇನೆ,” ಎಂದೆ.

ಶಿಶಿರ್ ಅತ್ತೆಯ ಮುಖ ನೋಡಿದ. “ಬರೆಯಲಿ,” ಎಂದರು ಅವರು. “ಬರೆಯಲಿಕ್ಕೆ ಹೊರಗೆ ಹೋಗುವುದು ಬೇಡವಲ್ಲ.”

ಹನೀಫಾಕ ಅತ್ತೆಯ ತಮ್ಮ. ಪುಂಜಾಲಕಟ್ಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಮಾರಲು ಇಟ್ಟಿದ್ದ ಹೊಸ ಉಕ್ಕಿನ ಟೇಪನ್ನು ಬಿಚ್ಚಿಕೊಂಡು ಅವರು ಪವರ್ ಹೌಸಿಗೆ ಹೋದರು, ಮೂರು ಸಲ ಅಳೆದರು. ಐವತ್ತೊಂಬತ್ತು ಅಡಿ ನಾಲ್ಕೂವರೆ ಇಂಚು. ಅಗಲ ಮೂವತ್ತೈದು ಅಡಿ ಏಳೂವರೆ ಇಂಚು. ಕಿಟಕಿಯಿಂದ ಕಿಟಕಿಗೆ ಒಂಬತ್ತೂವರೆ ಅಡಿ, ನಕ್ಷೆಯಲ್ಲಿ ಹತ್ತು. ನವಾಝ್ ಬರೆದದ್ದೇ.

ನನಗೆ ಸಮಾಧಾನವಾಯಿತು. ಒಂದೇ ದಿನ. ಮರುದಿನ ಶಿಶಿರ್ ಫೋನು ಮಾಡಿದ. ಅಳತೆ ಸರಿ ಎಂದಾದರೆ ಇನ್ನೂ ಕಷ್ಟ ಎಂದ. ಅರವತ್ತು ಅಡಿಗೆ ಕಟ್ಟಿದ ಗೋಡೆ ಈಗ ಏಳೂವರೆ ಇಂಚು ಒಳಗೆ ಬಂದಿದೆ ಎಂದರೆ ಎಪ್ಪತ್ತನಾಲ್ಕರ ನೆರೆಗೆ ಸರಿದಿದೆ ಎಂದೇ ಲೆಕ್ಕ. ಆ ವರ್ಷ ನೀರು ಕಿಟಕಿಯ ದಂಡೆವರೆಗೆ ನಿಂತಿತ್ತು. ಸರಿದ ಗೋಡೆಯನ್ನು ಯಾವ ಸಮಿತಿಯೂ ಉಳಿಸುವುದಿಲ್ಲ.

ನವಾಝ್ ತಪ್ಪು ಎಂದರೆ ಅವನ ಹೆಸರು ಹೋಗುತ್ತದೆ. ಸರಿ ಎಂದರೆ ಕಟ್ಟಡ ಹೋಗುತ್ತದೆ. ನಾನು ಬರೆದ ನಾಲ್ಕು ಸಾಲುಗಳನ್ನು ಹರಿದು ಹಾಕಿದೆ.

ಅವನ ಟಿಪ್ಪಣಿ ಪುಸ್ತಕವನ್ನು ದಿನವೂ ಬಿಡಿಸುತ್ತಿದ್ದೆ. ಕಲ್ಲಿನ ವರಸೆ ಎಷ್ಟು, ಮಾಡಿನ ಇಳಿಜಾರು ಎಷ್ಟು, ಯಾವ ಹೆಂಚು ಯಾವ ಕಾರ್ಖಾನೆಯದು, ಎಲ್ಲ ಇತ್ತು. ಕೊನೆಯ ಪುಟದಲ್ಲಿ ಮೂರು ಅಂಕಿಗಳು ಮಾತ್ರ. 25. 15. 4. ಕೆಳಗೆ ಅವನ ಓರೆ ಅಕ್ಷರದಲ್ಲಿ: “ಕೂದಲಷ್ಟೂ ಹೆಚ್ಚುಕಮ್ಮಿ ಇಲ್ಲ.” ಅಡಿಯೂ ಅಲ್ಲ, ಮೀಟರೂ ಅಲ್ಲ. ಏನು ಇಪ್ಪತ್ತೈದು ಎಂದು ನನಗೆ ತಿಳಿಯಲಿಲ್ಲ. ಮೀನು ಹೆಚ್ಚುವಾಗ, ಅಕ್ಕಿ ಕೇರುವಾಗ ಆ ಅಂಕಿಗಳು ಬಾಯಿಗೆ ಬರುತ್ತಿದ್ದವು.

“ಎಂತ ಮೋಳೇ, ಬಾವಿ ತೋಡಿಸಲಿಕ್ಕೆ ಉಂಟಾ?” ಎಂದು ಅತ್ತೆ ಕೇಳಿದರು. “ಕೋಲಿನ ಲೆಕ್ಕದ ಹಾಗೆ ಕೇಳ್ತದೆ.”

ನಮ್ಮ ಮನೆಯ ಬಾವಿ ಒಂಬತ್ತು ಕೋಲು ಆಳ. ಊರಲ್ಲಿ ಎಲ್ಲರಿಗೂ ಗೊತ್ತಿರುವ ಲೆಕ್ಕ: ಒಂದು ಕೋಲು ಅಂದರೆ ಎರಡೂವರೆ ಅಡಿ. ನಾನು ಒದ್ದೆ ಕೈಯಲ್ಲೇ ಫೋನು ತೆಗೆದು ಭಾಗಿಸಿದೆ. ಉದ್ದ ಇಪ್ಪತ್ತಮೂರೂಮುಕ್ಕಾಲು ಕೋಲು ಬಂತು. ಅಗಲ ಹದಿನಾಲ್ಕೂಕಾಲು. ಇಪ್ಪತ್ತೈದೂ ಅಲ್ಲ, ಹದಿನೈದೂ ಅಲ್ಲ. ಅತ್ತೆಗೆ ಅಲ್ಲವೆಂದು ಹೇಳಿದೆ. ಅವರು ನಂಬಲಿಲ್ಲ, ಫೋನಿನ ಲೆಕ್ಕ ತಪ್ಪಿರಬೇಕು ಎಂದರು.

ನಲವತ್ತೊಂದನೆಯ ದಿನ ಸಂಜೆಯ ಅಸರ್ ನಮಾಝಿನ ಹೊತ್ತಿಗೆ ನವಾಝ್‌ನ ಫೋನು ಹೊಡೆಯಿತು. “ಚಿನ್ನಯ್ಯ ಆಚಾರಿ, ಶಿರ್ತಾಡಿ” ಎಂದು ತೋರಿಸಿತು. ಅತ್ತೆ ಎತ್ತಿ, ಮಾತು ಕೇಳಿ, ಸ್ಪೀಕರಿಗೆ ಹಾಕಿ ನನ್ನ ಕೈಗಿಟ್ಟರು. ವಯಸ್ಸಾದ ದನಿ. ಒಂದೊಂದೇ ಶಬ್ದವನ್ನು ನೋಡಿ ಇಡುವವರ ಹಾಗೆ ಮಾತಾಡುತ್ತಿದ್ದರು. ಸುದ್ದಿ ತಿಳಿದೇ ಒಂದು ತಿಂಗಳಾಯಿತು, ನಲವತ್ತು ದಿನ ಕಳೆಯಲಿ ಎಂದು ಕಾದೆ ಎಂದರು.

“ನವಾಝ್‌ನವರ ಕೈಯಲ್ಲಿ ನಮ್ಮ ಮನೆಯ ಅಳತೆಕೋಲು ಕೊಟ್ಟಿದ್ದೆ. ಅವಸರ ಏನೂ ಇಲ್ಲ ಮಗಳೇ. ಮನೆಯಲ್ಲಿ ಉಂಟಾ ಅಂತ ಮಾತ್ರ ಹೇಳಿ. ಬಚ್ಚಲಿನ ಒಲೆಗೆ ಹೋಗಿಲ್ಲ ಅಲ್ವಾ?”

ಅಂಥದ್ದನ್ನು ನಾನು ನೋಡಿರಲಿಲ್ಲ. ಫೋನನ್ನು ಅತ್ತೆಯ ಕೈಗೆ ಕೊಟ್ಟು ಕೋಣೆಗೆ ಹೋದೆ. ಕಪಾಟಿನ ಹಿಂದೆ, ಬಾಗಿಲಿನ ಮೂಲೆಯಲ್ಲಿ, ಮಂಚದ ಅಡಿಯಲ್ಲಿ ನೋಡಿದೆ. ಗೋಡೆಗೆ ಒರಗಿಸಿದ್ದ ಪ್ಲಾಸ್ಟಿಕ್ಕಿನ ನಕ್ಷೆ ಕೊಳವೆ ಉಳಿದಿತ್ತು. ನಕ್ಷೆಯ ಫೋಟೋ ಫೋನಿನಲ್ಲಿದ್ದುದರಿಂದ ಅದರ ಮುಚ್ಚಳವನ್ನು ನಾನು ತೆಗೆದೇ ಇರಲಿಲ್ಲ. ತೆಗೆದು ಬಗ್ಗಿಸಿದಾಗ ನಕ್ಷೆಯ ಪ್ರತಿಯ ಸುರುಳಿಯ ಒಳಗಿನಿಂದ, ಬಿಳಿ ಮುಂಡಿನ ತುಂಡಿನಲ್ಲಿ ಸುತ್ತಿದ ಕಪ್ಪಗಿನ ಮರದ ಕೋಲು ಜಾರಿ ಬಂತು. ಕೈಯಾಡಿ ನುಣುಪಾಗಿತ್ತು. ಉದ್ದಕ್ಕೂ ಸಮ ಅಂತರದ ಗೀಟುಗಳು. ಎಣಿಸಿದರೆ ಇಪ್ಪತ್ತನಾಲ್ಕು ಮನೆ.

“ಉಂಟು ಆಚಾರ್ರೇ,” ಎಂದೆ.

ಅವರು ಉಸಿರು ಬಿಟ್ಟದ್ದು ಕೇಳಿಸಿತು.

ಪವರ್ ಹೌಸನ್ನು ಕಟ್ಟಿದ್ದು ಅವರ ಅಜ್ಜ ದೂಮಣ್ಣ ಆಚಾರಿ, ಈ ಕೋಲಿನಿಂದಲೇ, ಎಂದು ಅವರು ಹೇಳಿದರು. ಬಾವಿಯ ಕೋಲು ಬೇರೆ, ಆಚಾರಿಗಳ ಕೋಲು ಬೇರೆ. ಅದರಲ್ಲೂ ಒಂದೊಂದು ಗುರುಮನೆಗೆ ಒಂದೊಂದು ಅಳತೆ. ದೂಮಣ್ಣ ಆಚಾರಿಗೆ ಅಡಿಯ ಲೆಕ್ಕ ಗೊತ್ತಿರಲಿಲ್ಲ. ನಕ್ಷೆಯ ಎಂಜಿನಿಯರು ಎರಡು ತಿಂಗಳಿಗೊಮ್ಮೆ ಬರುವವರು. ಅರವತ್ತು ಅಡಿ ಎಂದು ಅವರು ನೆಲದಲ್ಲಿ ಹಗ್ಗ ಹಿಡಿದು ತೋರಿಸಿ ಹೋದರು. ದೂಮಣ್ಣ ಅದರ ಮೇಲೆ ಕೋಲು ಇಟ್ಟು ನೋಡಿದರು. ಪೂರ್ತಿ ಕೋಲು ಎಷ್ಟು ಬಂತೋ ಅಷ್ಟು ಇಟ್ಟುಕೊಂಡು, ಮಿಕ್ಕಿದ ತುಂಡನ್ನು ಬಿಟ್ಟರು. ತುಂಡು ಕೋಲಿಗೆ ಗೋಡೆ ಎಬ್ಬಿಸುವ ಕ್ರಮ ಅವರಲ್ಲಿ ಇರಲಿಲ್ಲ. ಗೋಡೆ ಆಳೆತ್ತರ ಆದ ಮೇಲೆ ಎಂಜಿನಿಯರು ಬಂದು ಅಳೆದು ದೊಡ್ಡ ಜಗಳ ಮಾಡಿದರಂತೆ.

“ನಿಮಗೆ ಗೋಡೆ ಬೇಕಾ, ಅಡಿ ಬೇಕಾ ಅಂತ ಕೇಳಿದ್ರಂತೆ ನಮ್ಮ ಅಜ್ಜ. ಎಂಜಿನಿಯರು ಆಮೇಲೆ ಮಾತಾಡಲಿಲ್ಲ. ನಕ್ಷೆಯನ್ನೂ ತಿದ್ದಲಿಲ್ಲ.”

ನಾನು ನೆಲದಲ್ಲಿ ಕುಳಿತು ಕೋಲಿನ ಪಕ್ಕ ಟೇಪು ಹಾಸಿದೆ. ಇಪ್ಪತ್ತೆಂಟೂವರೆ ಇಂಚು. ಇಪ್ಪತ್ತೈದರಿಂದ ಗುಣಿಸಿ ಅಡಿ ಮಾಡಿದೆ: ಐವತ್ತೊಂಬತ್ತು ಅಡಿ ನಾಲ್ಕೂವರೆ ಇಂಚು. ಹದಿನೈದರಿಂದ: ಮೂವತ್ತೈದು ಅಡಿ ಏಳೂವರೆ ಇಂಚು. ನಾಲ್ಕರಿಂದ: ಒಂಬತ್ತೂವರೆ ಅಡಿ.

ಗೋಡೆ ಸರಿದೇ ಇರಲಿಲ್ಲ. ಕಟ್ಟಿದ ದಿನ ಎಲ್ಲಿತ್ತೋ ಅಲ್ಲೇ ಇತ್ತು. ನೆರೆ ಬಂದು ಹೋದ ಮೇಲೂ, ತೊಂಬತ್ತು ವರ್ಷದ ಮೇಲೂ, ಕೂದಲಷ್ಟೂ ಹೆಚ್ಚುಕಮ್ಮಿ ಇಲ್ಲ.

ನವಾಝ್ ತಿಳಿದುಕೊಂಡೇ ಹೋಗಿದ್ದ. ಹೇಳಲು ದಿನ ಸಿಕ್ಕಿರಲಿಲ್ಲ.

ಚಿನ್ನಯ್ಯ ಆಚಾರಿ ಲೈನಿನಲ್ಲೇ ಇದ್ದರು. “ಸರಿ ಬಂತಾ?” ಎಂದು ಕೇಳಿದರು. ಸರಿ ಬಂತು ಎಂದೆ. “ಬಾರದೆ?” ಎಂದರು.

ಅತ್ತೆ ಬಾಗಿಲಿನಲ್ಲಿ ನಿಂತಿದ್ದರು. ಕೋಲಿನ ಲೆಕ್ಕ ಎಂದು ನಾನು ಹೇಳಲಿಲ್ಲವಾ ಎಂದು ಅವರು ಆಮೇಲೆ ಎಷ್ಟು ಜನರಿಗೆ ಹೇಳಿದರೋ ಲೆಕ್ಕವಿಲ್ಲ.

ಬರೆಯಲು ಮೂರು ದಿನ ಹಿಡಿಯಿತು. ಒಂದೇ ಪುಟ. ಎಡಕ್ಕೆ ನಕ್ಷೆಯ ಅಳತೆ, ನಡುವೆ ನವಾಝ್‌ನ ಅಳತೆ, ಬಲಕ್ಕೆ ಕೋಲಿನಲ್ಲಿ. ಕೆಳಗೆ ಎರಡು ಸಾಲು: ಈ ಕಟ್ಟಡವನ್ನು ಕಟ್ಟಿದವರು ಶಿರ್ತಾಡಿಯ ದೂಮಣ್ಣ ಆಚಾರಿ. ಇದನ್ನು ಸರಿಯಾಗಿ ಅಳೆದವರು ಗೂಡಿನಬಳಿಯ ನವಾಝ್. ಅತ್ತೆ ಓದಿಸಿ ಕೇಳಿದರು. ಎಣ್ಣೆ ಹಾಕುತ್ತಿದ್ದವರ ಹೆಸರಿಗೂ ಜಾಗ ಉಂಟಾ ಎಂದರು. ನಾನು ಇನ್ನೊಂದು ಸಾಲು ಸೇರಿಸಿದೆ. ಅದಕ್ಕೂ ಅಳತೆಗೂ ಸಂಬಂಧವಿರಲಿಲ್ಲ, ಆದರೂ ತೆಗೆಯಲಿಲ್ಲ.

ಸಮಿತಿಯವರು ಸ್ಥಳದಲ್ಲೇ ನೋಡುತ್ತೇವೆ ಎಂದರು. ಆ ದಿನ ನನ್ನ ಇದ್ದತ್‌ನ ಎಪ್ಪತ್ತನೆಯ ದಿನ. ಹನೀಫಾಕ ಬೆಳಿಗ್ಗೆ ಬಂದು ಕೋಲು ತೆಗೆದುಕೊಂಡು ಹೋದರು. ಚಿನ್ನಯ್ಯ ಆಚಾರಿ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಎರಡು ಬಸ್ಸು ಬದಲಿಸಿ ಬಂದರು. ಹನೀಫಾಕ ವಿಡಿಯೋ ಕರೆ ಮಾಡಿ ಫೋನನ್ನು ಎದೆಯ ಹತ್ತಿರ ಹಿಡಿದುಕೊಂಡಿದ್ದರು. ನಾವಿಬ್ಬರು ಅಡುಗೆಕೋಣೆಯಲ್ಲಿ, ಚಿಕ್ಕ ಪರದೆಯ ಮುಂದೆ.

ಮೊದಲ ಬಾರಿಗೆ ಆಚಾರಿಯವರನ್ನು ಕಂಡೆ. ಸಪೂರ ಮನುಷ್ಯ, ಅಡ್ಡಪಂಚೆ, ಹೆಗಲಲ್ಲಿ ಬೈರಾಸು. ಚಪ್ಪಲಿ ಹೊರಗೆ ಬಿಟ್ಟು ಎಂಜಿನ್ ಕೋಣೆಗೆ ಹೋದರು. ಮಂಡಿಯೂರಿ, ಗೋಡೆಯ ಬುಡಕ್ಕೆ ಕೋಲು ಇಟ್ಟು, ತುದಿಗೆ ಉಗುರಿನಿಂದ ಗುರುತು ಹಾಕಿ, ಮುಂದಕ್ಕೆ ಇಟ್ಟರು. ಗಟ್ಟಿಯಾಗಿ ತುಳುವಿನಲ್ಲಿ ಎಣಿಸಿದರು. ಸಾಹೇಬರು ಮೊದಲು ಕೈಕಟ್ಟಿ ನಿಂತಿದ್ದರು. ಹತ್ತು ಆದ ಮೇಲೆ ಹಿಂದೆಯೇ ನಡೆಯತೊಡಗಿದರು. ಇಪ್ಪತ್ತರ ಹೊತ್ತಿಗೆ ಶಿಶಿರ್ ನೆಲಕ್ಕೆ ಕುಳಿತು ಗುರುತು ಹಿಡಿಯುತ್ತಿದ್ದ. ಇಪ್ಪತ್ತೈದನೆಯ ಕೋಲಿನ ತುದಿ ಎದುರು ಗೋಡೆಯ ಕಲ್ಲಿಗೆ ತಾಗಿ ನಿಂತಿತು. ಸಾಹೇಬರು ಬಗ್ಗಿ ಅದರ ನಡುವೆ ಒಂದು ಕಾಗದ ತೂರಿಸಲು ನೋಡಿದರು. ಕಾಗದ ಮಡಚಿಕೊಂಡಿತು.

ಅಗಲ ಅಳೆಯುವುದು ಬೇಕಾ ಎಂದು ಆಚಾರಿ ಕೇಳಿದರು. ಬೇಡ ಎಂದರು ಸಾಹೇಬರು. “ಬೇಕು,” ಎಂದು ಅಡುಗೆಕೋಣೆಯಿಂದ ಅತ್ತೆ ಹೇಳಿದರು. ಹನೀಫಾಕನ ಎದೆಯೊಳಗಿಂದ ಆ ದನಿ ಬಂತು. ಎಲ್ಲರೂ ತಿರುಗಿ ನೋಡಿದರು. ಆಚಾರಿ ಅಗಲವನ್ನೂ ಅಳೆದರು. ಹದಿನೈದು.

ಸಮಿತಿಯ ತೀರ್ಮಾನ ಮುಂದಿನ ವಾರ ಬಂತು. ಕಟ್ಟಡವನ್ನು ಉಳಿಸುವುದು; ನವಾಝ್ ಅವರ ವರದಿಯನ್ನೇ ಆಧಾರವಾಗಿ ಇಟ್ಟುಕೊಳ್ಳುವುದು; ಕೋಲಿನ ಅಳತೆಯನ್ನು ಅದಕ್ಕೆ ಸೇರಿಸುವುದು. ಶಿಶಿರ್ ಪ್ರತಿ ತಂದುಕೊಟ್ಟ. ನವಾಝ್‌ನ ಹೆಸರು ಅಚ್ಚಾದ ಜಾಗವನ್ನು ಅತ್ತೆ ಬೆರಳಿನಿಂದ ಮುಟ್ಟಿ ನೋಡಿದರು. ಅವರಿಗೆ ಕನ್ನಡ ಓದಲು ಬಾರದು. ಎಲ್ಲಿದೆ ಎಂದು ನನ್ನಿಂದ ಕೇಳಿ ತಿಳಿದುಕೊಂಡಿದ್ದರು.

ಅಳೆದ ದಿನವೇ ಕೋಲನ್ನು ಕೊಂಡುಹೋಗಿ ಎಂದು ಹನೀಫಾಕ ಆಚಾರಿಯವರಿಗೆ ಕೊಟ್ಟಿದ್ದರು. ಅವರು ತೆಗೆದುಕೊಂಡಿರಲಿಲ್ಲ. ಕೊಂಡುಹೋದದ್ದು ಆ ಮನೆಗೆ, ಆ ಮನೆಯಿಂದಲೇ ಬರಲಿ. ಹುಡುಗಿ ಹೊರಗೆ ಬರುವ ದಿನ ಅವಳೇ ತರಲಿ ಎಂದಿದ್ದರಂತೆ.

ಇದ್ದತ್ ಮುಗಿದ ಮರುದಿನ ಬೆಳಿಗ್ಗೆ ಮಿಂದು ಹೊರಟೆ. ಅತ್ತೆ ಜೊತೆಗೆ ಬಂದರು. ಸಿದ್ಧಕಟ್ಟೆಯ ದಾರಿಯಾಗಿ ಮೂಡುಬಿದಿರೆಗೆ ಒಂದು ಬಸ್ಸು, ಅಲ್ಲಿಂದ ಶಿರ್ತಾಡಿಗೆ ಇನ್ನೊಂದು. ಬಿಸಿಲು ಕಣ್ಣಿಗೆ ಜಾಸ್ತಿಯಾಗಿತ್ತು. ಕೋಲನ್ನು ಮಡಿಲಿನಲ್ಲಿ ಅಡ್ಡ ಇಟ್ಟುಕೊಂಡಿದ್ದೆ. ಕಂಡಕ್ಟರ್ ಪ್ರತಿಸಲವೂ ಬದಿಗೆ ಸರಿದು ಹೋಗುತ್ತಿದ್ದ.

ಚಿನ್ನಯ್ಯ ಆಚಾರಿ ಮರಗೆಲಸದ ಕೊಟ್ಟಿಗೆಯಲ್ಲಿ ಬಾಗಿಲಿನ ದಾರಂದಕ್ಕೆ ಉಳಿ ಹಿಡಿದಿದ್ದರು. ನಮ್ಮನ್ನು ಕಂಡು ಎದ್ದರು. ಅವರ ಹೆಂಡತಿ ರಾಜೀವಿ ಬೆಲ್ಲ, ನೀರು ತಂದು ಇಟ್ಟರು.

“ಕೋಲು ಹೊರಗೆ ಕೊಡುವ ಕ್ರಮ ನಮ್ಮಲ್ಲಿ ಇಲ್ಲ,” ಎಂದರು ಆಚಾರಿ. “ಮಗನಿಗೂ ಕೆಲಸ ಬಂದ ಮೇಲೆಯೇ. ನಿಮ್ಮ ಯಜಮಾನರು ಬಂದು ಎಂತ ಕೇಳಿದ್ರು ಗೊತ್ತುಂಟಾ? ಅದನ್ನು ಕಟ್ಟಿದವರ ಹೆಸರು ಕೇಳಿದ್ರು. ಅಷ್ಟು ವರ್ಷ ಯಾರೂ ಕೇಳಲಿಲ್ಲ. ಕೇಳಿದವರಿಗೆ ಕೊಡದೆ ಯಾರಿಗೆ ಕೊಡುವುದು?”

ನಾನು ಬರೆದ ಪುಟವನ್ನೂ ಸೇರಿಸಿದ್ದ ಸಮಿತಿಯ ಕಾಗದದ ಒಂದು ಪ್ರತಿಯನ್ನು ಅವರ ಮುಂದೆ ಇಟ್ಟೆ. ಅವರು ಕನ್ನಡಕ ಹುಡುಕಿ, ದೂಮಣ್ಣ ಆಚಾರಿ ಎಂದಿದ್ದ ಸಾಲನ್ನು ಓದಿದರು. ನವಾಝ್‌ನ ಹೆಸರಿದ್ದ ಮುಂದಿನ ಸಾಲನ್ನೂ ಓದಿದರು. ಅದನ್ನು ಗಟ್ಟಿಯಾಗಿ ಓದಿದರು.

ಆಮೇಲೆ ಕೈಯ ಮರದ ಹುಡಿಯನ್ನು ಬೈರಾಸಿಗೆ ಒರೆಸಿಕೊಂಡು, ಎರಡೂ ಕೈ ಚಾಚಿದರು. ನಾನು ಬಟ್ಟೆ ಬಿಡಿಸಿ ಕೋಲನ್ನು ಅವರ ಅಂಗೈಗಳ ಮೇಲೆ ಇಟ್ಟೆ.